ಆಯುಧಪೂಜೆಗೆ ಕೂತ ವಾಲ್ವು

ಮುನೇಶನಿಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಕಿರಲಿಲ್ಲ. ವಾಲ್ವಿನ ಹಿಡಿಗೆ ಯಾರಾದರೂ ಊಟದ ಬ್ಯಾಗು ನೇತುಹಾಕಿದ್ದರೆ ಸಾಕಿತ್ತು.

ಚನ್ನಪಟ್ಟಣದ ಅಂಚಿನಲ್ಲಿರುವ ನಟರಾಜುವಿನ ಫಿಲೇಚರಿನಲ್ಲಿ, ಅಂದರೆ ರೇಷ್ಮೆಗೂಡಿನಿಂದ ನೂಲು ತೆಗೆಯುವ ಕಾರ್ಖಾನೆಯಲ್ಲಿ, ಅವನು ಫಿಟ್ಟರ್. ಬಾಯ್ಲರಿನಿಂದ ಹೊರಟ ಸ್ಟೀಮು, ನೂಲು ಬಿಚ್ಚುವ ಹೆಂಗಸರ ಬಿಸಿನೀರಿನ ಬೇಸಿನ್ನುಗಳನ್ನು ಮುಟ್ಟುವ ತನಕ ಎಲ್ಲಿ ಏನು ಸೋರಿದರೂ, ಕಟ್ಟಿಕೊಂಡರೂ, ಸದ್ದು ಮಾಡಿದರೂ ಎಲ್ಲರ ಬಾಯಲ್ಲೂ ಅವನ ಹೆಸರೇ. ಬೆಳಗ್ಗೆ ಹೊಂಗನೂರು ಬಸ್ಸಿಳಿದು ಬಂದ ಹೆಂಗಸರು ಮೊದಲು ಮಾಡುತ್ತಿದ್ದ ಕೆಲಸವೆಂದರೆ ಬೇಸಿನ್ ಸಾಲಿನ ತಲೆಯಲ್ಲಿದ್ದ ವಾಲ್ವಿನ ಹಿಡಿಗೆ ಬ್ಯಾಗು ಸಿಕ್ಕಿಸುವುದು. ಒಂದರ ಮೇಲೊಂದು, ನಾಲ್ಕೈದು. ಮುದ್ದೆಯ ಡಬ್ಬಿ, ಸಾರಿನ ಡಬ್ಬಿ, ನೀರಿನ ಬಾಟಲಿ ಎಲ್ಲದರ ಭಾರಕ್ಕೆ ಹಿಡಿ ಜೋತುಬೀಳುತ್ತಿತ್ತು.

"ಏನ್ರವ್ವಾ, ಇದು ವಾಲೋ ಇಲ್ಲ ನಿಮ್ಮಪ್ಪನ ಮನೆ ಗೂಟಾನೋ?" ಎಂದು ಅವನು ದಿನವೂ ಕೂಗುತ್ತಿದ್ದ. ಹೆಂಗಸರು ದಿನವೂ ನಗುತ್ತಿದ್ದರು. ಬ್ಯಾಗುಗಳನ್ನು ಕಿತ್ತು ನೆಲದ ಮೇಲೆ ಇಡುತ್ತಿದ್ದ. ಅವನು ಅತ್ತ ತಿರುಗಿದ ಕೂಡಲೇ ಅವು ಮತ್ತೆ ಹಿಡಿಗೆ ಏರುತ್ತಿದ್ದವು. ನೆಲ ಸದಾ ಒದ್ದೆ, ಸತ್ತ ರೇಷ್ಮೆಹುಳದ ವಾಸನೆ ಬೇರೆ. ಅದರ ಮೇಲೆ ಉಣ್ಣುವ ಡಬ್ಬಿ ಇಡಲು ಯಾರಿಗೂ ಮನಸ್ಸಿರಲಿಲ್ಲ.

ಅವನ ಎರಡನೇ ಸಿಟ್ಟು ಜಯಕುಮಾರನ ಮೇಲೆ. ಕನಕಪುರದ ಕಡೆಯ ಕೋಡಿಹಳ್ಳಿಯವನಾದ ಈ ಜಯಕುಮಾರ ಬಾಯ್ಲರ್ ನೋಡಿಕೊಳ್ಳುವವನು. ಒಳ್ಳೆಯವನು, ಆದರೆ ಯಾರು ಏನು ಹೇಳಿದರೂ ಹೂಂ ಅನ್ನುವ ಜಾತಿ. ಬೇಸಿನ್ ನೀರು ಕೊತಕೊತ ಕುದಿದರೆ ಎಳೆ ಕಡಿಯುತ್ತದೆ. ಆಗ ಹೆಂಗಸರು "ಜಯಣ್ಣ, ಒಸಿ ಕಮ್ಮಿ ಮಾಡು" ಎನ್ನುತ್ತಾರೆ. ಒಂದೊಂದು ಬೇಸಿನ್ನಿಗೂ ಒಂದೊಂದು ಚಿಕ್ಕ ನಲ್ಲಿ ಇದೆ, ಅದನ್ನು ತಿರುಗಿಸಿ ಶಾಖ ಹದ ಮಾಡಿಕೊಳ್ಳಬೇಕು. ಆದರೆ ಅರ್ಧಕ್ಕರ್ಧ ನಲ್ಲಿಗಳು ಜಾಮ್ ಆಗಿ ಕೂತಿವೆ. ಜಯಕುಮಾರ ಸಾಲಿನ ದೊಡ್ಡ ವಾಲ್ವನ್ನೇ ಅರ್ಧಕ್ಕೆ ತಿರುಗಿಸಿ ಹೋಗಿಬಿಡುತ್ತಿದ್ದ.

ಬಾಲ್ ವಾಲ್ವು ನೋಡಲು ಸಾಧು. ಒಳಗೆ, ನಡುವೆ ತೂತಿರುವ ಒಂದು ಸ್ಟೀಲಿನ ಗುಂಡು. ಗುಂಡಿನ ಎರಡೂ ಬದಿಗೆ ಬಿಳಿಯ ಮೆತ್ತನೆಯ ಬಳೆಯಂಥ ಸೀಟು. ಹಿಡಿ ಪೈಪಿನ ಉದ್ದಕ್ಕೆ ಇದ್ದರೆ ತೂತು ನೇರವಾಗಿ ಸ್ಟೀಮು ಹೋಗುತ್ತದೆ. ಅಡ್ಡಕ್ಕೆ ತಂದರೆ ಗುಂಡಿನ ಗಟ್ಟಿ ಮೈ ಎದುರಾಗಿ ಸ್ಟೀಮು ನಿಲ್ಲುತ್ತದೆ. ಉದ್ದಕ್ಕೆ, ಇಲ್ಲವೇ ಅಡ್ಡಕ್ಕೆ, ಅಷ್ಟೇ. ಅರ್ಧದಲ್ಲಿ ನಿಲ್ಲಿಸಿದರೆ ಸ್ಟೀಮು ಗುಂಡಿನ ಅಂಚಿನಿಂದ ನುಗ್ಗುತ್ತ ಆ ಮೆತ್ತನೆಯ ಸೀಟನ್ನು ಒಂದೇ ಕಡೆ ತಿನ್ನುತ್ತ ಹೋಗುತ್ತದೆ. ಆಮೇಲೆ ಹಿಡಿ ಅಡ್ಡಕ್ಕಿದ್ದರೂ ಒಳಗೊಳಗೇ ಸ್ಟೀಮು ಹಾಯುತ್ತಲೇ ಇರುತ್ತದೆ. ಫಿಟ್ಟರುಗಳು ಇದಕ್ಕೆ ಪಾಸ್ ಆಗುವುದು ಎನ್ನುತ್ತಾರೆ. ಮುನೇಶ ಇದನ್ನು ಜಯಕುಮಾರನಿಗೆ ಎಷ್ಟು ಸಲ ಹೇಳಿದ್ದನೋ ಲೆಕ್ಕವಿಲ್ಲ. ಜಯಕುಮಾರ ಎಲ್ಲ ಸಲವೂ "ಹೂಂ ಕಣಣ್ಣ" ಎಂದಿದ್ದ.

ಎರಡನೇ ಸಾಲಿನ ವಾಲ್ವು ಹೀಗೆ ಪಾಸ್ ಆಗಲು ಶುರುವಾಗಿ ಬಹಳ ದಿನವಾಗಿತ್ತು. ಆ ಸಾಲಿನ ಮೊದಲ ಬೇಸಿನ್ನಿನಲ್ಲಿ ಮುನೇಶನ ಸ್ವಂತ ಅಕ್ಕ ಮಾರಕ್ಕ ನೂಲು ಬಿಚ್ಚುತ್ತಿದ್ದಳು. ಅವನನ್ನು ಕಂಕುಳಲ್ಲಿ ಹೊತ್ತು ಬೆಳೆಸಿದವಳು. ಈ ಕೆಲಸಕ್ಕೆ ಅವನನ್ನು ಕರೆತಂದು ಸೇರಿಸಿದವಳೂ ಅವಳೇ.

ಊಟಕ್ಕೆ ಮುಂಚೆ ಸ್ಟೀಮು ನಿಲ್ಲಿಸಿ, ಬೇಸಿನ್ ನೀರು ಬಸಿದು, ತಣ್ಣೀರು ಹೊಯ್ದು, ತಳದಲ್ಲಿ ಸ್ಟೀಮು ಬಿಡುವ ತೂತುಪೈಪಿಗೆ ಸುತ್ತಿಕೊಂಡ ಎಳೆಗಳ ಸಿಕ್ಕನ್ನು ಕೈಯಲ್ಲಿ ಕಿತ್ತು ತೆಗೆಯುವುದು ಪದ್ಧತಿ. ಆಷಾಢದ ಒಂದು ಮಧ್ಯಾಹ್ನ ಮಾರಕ್ಕ ಎಂದಿನಂತೆ, "ಮುನಿ, ನಿಲ್ಸಿದ್ಯೇನ್ಲಾ?" ಎಂದು ಕೇಳಿದಳು. ಮುನೇಶ ಎಂದಿನಂತೆ ಹಿಡಿ ನೋಡಿದ. ಅಡ್ಡಕ್ಕಿತ್ತು.

"ನಿಲ್ಸೈತೆ ಕಣಕ್ಕ, ಕೈ ಹಾಕು" ಎಂದ.

ಹಾಕಿದಳು. ಪಾಸ್ ಆಗುತ್ತಿದ್ದ ಸ್ಟೀಮು ಸಿಕ್ಕಿನ ಹಿಂದೆ ತುಂಬಿಕೊಂಡು ಕಾಯುತ್ತಿತ್ತು. ಅವಳು ಸಿಕ್ಕನ್ನು ಎಳೆದದ್ದೇ ತಡ, ಅಷ್ಟೂ ಅವಳ ಬಲಗೈ ಮೇಲೆ ಬಂತು. ಅಕ್ಕ ಕಿರುಚಿದ್ದು ಬಾಯ್ಲರ್ ಮನೆಯವರೆಗೂ ಕೇಳಿಸಿತು.

ಆಸ್ಪತ್ರೆ, ಔಷಧಿ ಎಲ್ಲ ನಟರಾಜುವೇ ನೋಡಿಕೊಂಡ, ಅದರಲ್ಲಿ ಅವನನ್ನು ದೂರುವಂತಿಲ್ಲ. ಅದೇ ವಾರ ಬೆಂಗಳೂರಿಗೆ ಹೋಗಿ ಹೊಸ ವಾಲ್ವು ತಂದೂ ಕೊಟ್ಟ. ಮಿರಿಮಿರಿ ಮಿಂಚುವ ಸ್ಟೀಲಿನದು, ಎರಡೂ ಕಡೆ ಬೋಲ್ಟು ಬಿಗಿಯುವ ಫ್ಲಾಂಜು. ಆದರೆ ವಾಲ್ವು ಬಂದರಾಯಿತೇ? ಅದನ್ನು ಕೂರಿಸಲು ಲೈನು ತಣ್ಣಗಾಗಬೇಕು. ಸಾಲಿನ ವಾಲ್ವಿಗೂ ಬಾಯ್ಲರಿಗೂ ನಡುವೆ ತಡೆಯುವ ಇನ್ನೊಂದು ವಾಲ್ವಿಲ್ಲ. ಬಾಯ್ಲರನ್ನೇ ಆರಿಸಬೇಕು. ಆ ಬಾಯ್ಲರೋ ಆರುವುದೇ ಇಲ್ಲ. ಹಗಲು ಬೇಸಿನ್ನುಗಳಿಗೆ, ರಾತ್ರಿ ಗೂಡು ಒಣಗಿಸುವ ಕೋಣೆಗೆ ಸ್ಟೀಮು ಬೇಕು. ಒಣಗಿಸದಿದ್ದರೆ ಚಿಟ್ಟೆ ಗೂಡು ಕೊರೆದು ಹೊರಬಂದು ಮಾಲೆಲ್ಲ ಹಾಳು.

"ಅಣ್ಣ, ಒಂದೊಪ್ಪತ್ತು ನಿಲ್ಸಿ" ಎಂದರೆ ನಟರಾಜು, "ಈ ಲಾಟು ಮುಗೀಲಿ ಮುನೇಶ" ಎನ್ನುತ್ತಿದ್ದ. ಆ ಲಾಟು ಮುಗಿಯುವ ಮೊದಲೇ ರಾಮನಗರದ ಮಾರುಕಟ್ಟೆಯಿಂದ ಇನ್ನೊಂದು ಲಾಟು ಗೂಡು ಬಂದಿಳಿಯುತ್ತಿತ್ತು. ಶ್ರಾವಣ ಕಳೆಯಿತು. ಗಣೇಶನನ್ನು ಕೂರಿಸಿ ಮುಳುಗಿಸಿದರು. ಪಿತೃಪಕ್ಷವೂ ಬಂತು. ಹೊಸ ವಾಲ್ವು ರಟ್ಟಿನ ಡಬ್ಬಿಯಲ್ಲಿ ಬೆಚ್ಚಗೆ ಮಲಗಿತ್ತು. ಮುನೇಶನಿಗೆ ಆ ಡಬ್ಬಿ ಕಂಡರೆ ಮೈ ಉರಿಯುತ್ತಿತ್ತು.

ಭಾನುವಾರಗಳಲ್ಲಿ ಅಕ್ಕನನ್ನು ನೋಡಲು ಹೊಂಗನೂರಿಗೆ ಹೋಗುತ್ತಿದ್ದ. ಅವಳು ಬಯ್ಯಲಿಲ್ಲ, ಅಳಲಿಲ್ಲ. ಬಯ್ದಿದ್ದರೆ ಅವನಿಗೆ ಎಷ್ಟೋ ನಿರಾಳವಾಗುತ್ತಿತ್ತು. ಎಡಗೈಯಲ್ಲಿ ಕಾಫಿ ಲೋಟ ಇಟ್ಟು ಒಂದೇ ಮಾತು ಕೇಳುತ್ತಿದ್ದಳು.

"ವಾಲು ಹಾಕಿದ್ಯಾ?"

"ಇಲ್ಲ ಕಣಕ್ಕ. ಹಾಕ್ತೀನಿ."

ಕೈ ವಾಸಿಯಾಯಿತು. ಡಾಕ್ಟರು ಕೆಲಸ ಮಾಡಬಹುದು ಎಂದರು. ಅಕ್ಕನಿಗೆ ಮನೆಯಲ್ಲಿ ಕೂರುವುದು ಸಾಕಾಗಿತ್ತು. ವಿಜಯದಶಮಿ ಒಳ್ಳೆಯ ದಿನ, ಅವತ್ತಿಂದ ಬರುತ್ತೇನೆ ಎಂದು ನಟರಾಜುವಿಗೆ ಫೋನು ಮಾಡಿ ಹೇಳಿಯೂ ಬಿಟ್ಟಳು. ಸುದ್ದಿ ಕೇಳಿ ಮುನೇಶ ದಿನ ಎಣಿಸತೊಡಗಿದ. ಅವಳು ಬಂದ ಮೊದಲ ದಿನವೇ ಊಟಕ್ಕೆ ಮುಂಚೆ ಬೇಸಿನ್ ಮುಂದೆ ನಿಂತು, ನಿಲ್ಸಿದ್ಯೇನ್ಲಾ ಎಂದು ಕೇಳುತ್ತಾಳೆ. ಅದೇ ಹಳೆಯ ವಾಲ್ವನ್ನು ನಂಬಿ ಅವಳಿಗೆ ಮತ್ತೊಮ್ಮೆ ಕೈ ಹಾಕು ಎನ್ನುವುದು ತನ್ನಿಂದ ಆಗದ ಮಾತು ಎಂದು ಅವನಿಗೆ ಗೊತ್ತಿತ್ತು. ಅಷ್ಟರೊಳಗೆ ಹೊಸದು ಕೂರಲೇಬೇಕು.

ದಾರಿ ಒಂದೇ ಇತ್ತು. ವರ್ಷದಲ್ಲಿ ಒಂದೇ ದಿನ, ಆಯುಧಪೂಜೆಯ ದಿನ, ಬಾಯ್ಲರ್ ಆರಿಸಿ ಬೂದಿ ತೆಗೆದು ತೊಳೆದು ವಿಭೂತಿ ಬಳಿಯುತ್ತಾರೆ. ನಟರಾಜುವೇ ಹೇಳಿದ: "ಹಿಂದಿನ ದಿನ ಸಂಜೆ ಆರಿಸ್ತೀವಿ. ನೀನು ಬೆಳಗ್ಗೆ ಏಳಕ್ಕೆ ಬಾ. ಪೂಜೆ ಹನ್ನೊಂದಕ್ಕೆ. ಅಷ್ಟರಲ್ಲಿ ಮುಗಿಸ್ಕೋ." ಮುನೇಶನಿಗೆ ಆ ಮಾತು ಕೇಳಿ ಕೈ ಮುಗಿಯಬೇಕು ಅನ್ನಿಸಿತು.

ಏಳಕ್ಕೂ ಮುಂಚೆಯೇ ಬಂದ. ಪೈಪು ಮುಟ್ಟಿ ನೋಡಿದ, ತಣ್ಣಗೆ ಕೊರೆಯುತ್ತಿತ್ತು. ಇಷ್ಟು ವರ್ಷದಲ್ಲಿ ಆ ಪೈಪನ್ನು ಬರಿಗೈಯಲ್ಲಿ ಹಿಡಿದದ್ದೇ ಕಡಿಮೆ. ಸಂತೋಷದಿಂದ ಸಾಮಾನಿನ ಕೋಣೆಗೆ ಹೋದರೆ ಬಾಗಿಲು ತೆರೆದಿತ್ತು. ಗೋಡೆಯ ಮೇಲೆ ಒಂದು ಸ್ಪಾನರೂ ಇರಲಿಲ್ಲ. ಪೈಪ್ ರೆಂಚು ಇಲ್ಲ, ಸುತ್ತಿಗೆ ಇಲ್ಲ, ರಟ್ಟಿನ ಡಬ್ಬಿ ಖಾಲಿ. ಕಳ್ಳತನವಾಯಿತೆಂದು ಕೂಗಲು ಬಾಯಿ ತೆರೆದವನ ಮೂಗಿಗೆ ಊದುಬತ್ತಿ ವಾಸನೆ ಬಡಿಯಿತು.

ಬಾಯ್ಲರ್ ಮುಂದೆ ಬಾಳೆಕಂದು ಕಟ್ಟಿ, ರಂಗೋಲಿ ಹಾಕಿ, ಚಾಮುಂಡೇಶ್ವರಿ ಫೋಟೋ ಇಟ್ಟಿದ್ದರು. ಅದರ ಮುಂದೆ ಕೆಂಪು ಬಟ್ಟೆಯ ಮೇಲೆ ಅವನ ಸ್ಪಾನರುಗಳೆಲ್ಲ ದೊಡ್ಡದರಿಂದ ಚಿಕ್ಕದರವರೆಗೆ ಸಾಲಾಗಿ ಮಲಗಿದ್ದವು, ಒಂದೊಂದಕ್ಕೂ ಅರಿಶಿನ, ಒಂದೊಂದಕ್ಕೂ ಕುಂಕುಮ. ಎಲ್ಲಕ್ಕಿಂತ ಮುಂದೆ, ದೇವಿಯ ಕಾಲ ಬಳಿ, ಸೇವಂತಿಗೆ ಹಾರ ಹಾಕಿಕೊಂಡು, ಹಿಡಿಯ ತುದಿಗೆ ನಿಂಬೆಹಣ್ಣು ಚುಚ್ಚಿಕೊಂಡು ಹೊಸ ವಾಲ್ವು ಕೂತಿತ್ತು. ಮದುವಣಗಿತ್ತಿಗೂ ಅಷ್ಟು ಅಲಂಕಾರ ಮಾಡುವುದಿಲ್ಲ.

"ಇದೇನವ್ವ ಇದು!" ಎಂದ ಮುನೇಶ.

ನಟರಾಜುವಿನ ತಾಯಿ ಕಾವೇರಮ್ಮ ಆರತಿ ತಟ್ಟೆ ಒರೆಸುತ್ತ ಕೂತಿದ್ದರು. "ಐನೋರಿಗೆ ಇವತ್ತು ಊರ್ ತುಂಬಾ ಪೂಜೆ ಕಣಪ್ಪ. ಹನ್ನೊಂದಕ್ಕೆ ಬರಾಕಾಗಲ್ಲ ಅಂದ್ರು. ಬೆಳಗ್ಗೆ ಆರಕ್ಕೇ ಬಂದು ಮುಗಿಸ್ಕೊಟ್ಟು ಹೋದ್ರು. ಹೊಸಾ ಸಾಮಾನು ಚೆಂದಾಗಿತ್ತು, ಮುಂದಕ್ಕೇ ಇಟ್ಟೆ. ಹೆಂಗೈತೆ?"

"ಅವ್ವ, ಅದನ್ನ ನಾನೀಗ ಹಾಕ್ಬೇಕು!"

"ಈಗೆಲ್ಲಿ ಹಾಕ್ತೀಯ? ಪೂಜೆಗೆ ಕೂತದ್ದನ್ನ ಮುಟ್ಟಾಂಗಿಲ್ಲ. ನಾಳೆ ಬೆಳಗ್ಗೆ ಕದಲಿಸಿ ಕೊಡ್ತೀನಿ, ತಗೊಂಡು ಕೆಲಸ ಮಾಡು."

ನಾಳೆ ನಸುಕಿಗೇ ಬಾಯ್ಲರಿಗೆ ಬೆಂಕಿ ಬೀಳುತ್ತದೆ. ಹೊಸ ಲಾಟು ಗೂಡು ಆಗಲೇ ಬಂದು ಕೋಣೆ ತುಂಬಿತ್ತು. ಬಾಯ್ಲರ್ ತಣ್ಣಗಿರುವ ದಿನ ಸಾಮಾನು ಮುಟ್ಟುವಂತಿಲ್ಲ, ಸಾಮಾನು ಮುಟ್ಟುವ ದಿನ ಬಾಯ್ಲರ್ ತಣ್ಣಗಿರುವುದಿಲ್ಲ. ಈ ಲೆಕ್ಕ ತಲೆಗೆ ಹೊಕ್ಕ ಮೇಲೆ ಮುನೇಶನಿಗೆ ಬಂದ ಕೋಪ ಅಷ್ಟಿಷ್ಟಲ್ಲ. "ದೇವ್ರ ಮುಂದೆ ಕೂತ್ಕಂಡು ಆ ವಾಲು ಏನವ್ವ ಮಾಡ್ತದೆ? ಅದಕ್ಕೇನು ಕಣ್ಣೈತಾ, ಮೂಗೈತಾ? ನಾನಿಲ್ಲಿ ಮೂರು ತಿಂಗಳಿಂದ ಬಡ್ಕೋತಾ ಇದ್ದೀನಿ!" ಎಂದು ಹಾರಾಡಿದ. ನಟರಾಜು ಫೋನಿನಿಂದ ತಲೆ ಎತ್ತಿ, "ಅಮ್ಮ ಹೇಳಿದ್ಮೇಲೆ ನಾನೇನ್ ಮಾಡ್ಲಿ ಮುನೇಶ, ಮುಂದಿನ್ ಲಾಟು ಮುಗೀಲಿ" ಎಂದ. ಮುನೇಶ ಕೂಗುವುದನ್ನೆಲ್ಲ ಕೂಗಿದ. ಅಕ್ಕನ ಕೈಯ ಸುದ್ದಿ ಮಾತ್ರ ಬಾಯಿಗೆ ಬರಲಿಲ್ಲ. ಅದನ್ನು ಎತ್ತಿದರೆ ಕೈ ಹಾಕು ಅಂದವನು ಯಾರು ಎಂಬ ಮಾತೂ ಏಳುತ್ತಿತ್ತು.

ಆದರೂ ಬಿಡಲಿಲ್ಲ. ಸಾಮಾನು ಎರವಲು ತಂದರೆ ವಾಲ್ವನ್ನು ಹೇಗಾದರೂ ಕೇಳಿ ಪಡೆಯಬಹುದು ಎಂದುಕೊಂಡು ಬೈಕಿನತ್ತ ಹೊರಟ. ಹತ್ತಲು ಹೋದರೆ ಬೈಕಿನ ಚಕ್ರದ ಕೆಳಗೆ ನಿಂಬೆಹಣ್ಣು, ಹ್ಯಾಂಡಲಿಗೆ ಬಾಳೆಎಲೆ. ಜಯಕುಮಾರ ಆಗಲೇ ಅದಕ್ಕೂ ಪೂಜೆ ಮಾಡಿ ಮುಗಿಸಿದ್ದ. "ನಿಂಗೆ ಒಳ್ಳೇದಾಗ್ಲಿ ಅಂತ ಮಾಡ್ದೆ ಕಣಣ್ಣ" ಎಂದ.

"ನಂಗೆ ಒಳ್ಳೇದಾಗ್ಬೇಕು ಅಂದ್ರೆ ಆ ವಾಲನ್ನ ಅರ್ಧಕ್ಕೆ ತಿರುಗ್ಸೋದು ಬುಡ್ಲಾ!"

"ಹೂಂ ಕಣಣ್ಣ."

ಹಿಂದಿನ ಬೀದಿಯಲ್ಲಿ ಗುಲ್ಜಾರ್ ಬೀ ಅವರ ಫಿಲೇಚರ್ ಇದೆ. ಗಂಡ ಹೋದ ಮೇಲೆ ಆ ಹೆಂಗಸು ಒಬ್ಬರೇ ನಡೆಸುತ್ತಿರುವುದು. ಅಲ್ಲಾದರೂ ಸ್ಪಾನರು ಬಿಡುವಾಗಿ ಇರುತ್ತವೆ ಎಂದು ಆಸೆಪಟ್ಟು ಹೋದ. ಗೇಟಿನಲ್ಲೇ ಬೂದುಗುಂಬಳ ಒಡೆದು ಕುಂಕುಮ ಚೆಲ್ಲಿತ್ತು. ಒಳಗೆ ಗುಲ್ಜಾರ್ ಬೀ ತಾವೇ ಕೂತು ಪೊಟ್ಟಣಗಳಿಗೆ ಕಡ್ಲೆಪುರಿ ತುಂಬುತ್ತಿದ್ದರು.

"ನಮ್ ಹುಡುಗ್ರೂ ನಿಮ್ಮೂರೋರೇ ಅಲ್ವೇನಪ್ಪ, ಎಲ್ಲಾ ಸಾಮಾನೂ ಪೂಜೆಗೆ ಇಟ್ಟವ್ರೆ. ಮಿಷಿನ್ನು, ತಕ್ಕಡಿ, ನನ್ ಕುರ್ಚಿ ಕೂಡ. ನಾನೇ ಒಂದ್ ಸ್ಪಾನರ್ ಎತ್ತಿದ್ರೆ ನಾಳೆಯಿಂದ ಒಬ್ರೂ ಕೆಲ್ಸಕ್ಕೆ ಬರಾಕಿಲ್ಲ" ಎಂದು ನಕ್ಕು, ಅವನ ಕೈಗೂ ಒಂದು ಕಡ್ಲೆಪುರಿ ಪೊಟ್ಟಣ ಇಟ್ಟರು.

ಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಶೆಟರು ಅರ್ಧ ಎಳೆದಿತ್ತು. ಬಗ್ಗಿ ಕೇಳಿದ. "ಪೂಜೆ ಆಗೈತೆ, ವ್ಯಾಪಾರ ಇಲ್ಲ" ಎಂದ ಅಂಗಡಿಯವನು ಶೆಟರಿನ ಸಂದಿಯಿಂದಲೇ ಇನ್ನೊಂದು ಪೊಟ್ಟಣ ಕಡ್ಲೆಪುರಿ ಚಾಚಿದ. ಬೈಕ್ ರಿಪೇರಿಯವನೂ ಅದನ್ನೇ ಕೊಟ್ಟ. ಒಂದು ಸ್ಪಾನರ್ ಹುಡುಕಿ ಹೊರಟ ಮುನೇಶ ಚೀಲದ ತುಂಬ ಕಡ್ಲೆಪುರಿ ಹೊತ್ತು ವಾಪಸಾದ. ದಾರಿಯಲ್ಲಿ ಆ ಪೊಟ್ಟಣಗಳನ್ನೆಲ್ಲ ಕಾಲುವೆಗೆ ಎಸೆಯಬೇಕೆನ್ನಿಸಿತು. ಪ್ರಸಾದವಲ್ಲವೇ, ಎಸೆಯಲೂ ಆಗಲಿಲ್ಲ.

ಫಿಲೇಚರಿಗೆ ಬರುವಷ್ಟರಲ್ಲಿ ಹೆಂಗಸರೆಲ್ಲ ಸೇರಿದ್ದರು. ಆಯುಧಪೂಜೆಯ ದಿನ ಕೆಲಸವಿಲ್ಲದಿದ್ದರೂ ಮಂಗಳಾರತಿಗೆ ಬಂದು ಸಿಹಿ ತೆಗೆದುಕೊಂಡು ಹೋಗುವುದು ವಾಡಿಕೆ. ಹೊಸ ಸೀರೆ ಉಟ್ಟು, ಹೂ ಮುಡಿದು, ಗಲಗಲ ಮಾತಾಡುತ್ತಿದ್ದರು. ಅವರ ನಡುವೆ ಮಾರಕ್ಕ.

"ನೀನ್ಯಾಕೆ ಬಂದೆ? ನಾಳೆ ತಾನೆ ಬರೋದು?" ಎಂದು ಮುನೇಶ ಅವಳ ಮೇಲೂ ರೇಗಿದ.

"ದೇವ್ರಿಗೆ ಕೈ ಮುಗ್ಯಾಕೂ ನಿನ್ನ ಕೇಳ್ಬೇಕೇನ್ಲಾ?" ಎಂದ ಮಾರಕ್ಕ, ದೇವಿಯ ಮುಂದೆ ಹಾರ ಹಾಕಿಕೊಂಡು ಕೂತ ವಾಲ್ವನ್ನು ನೋಡಿದಳು. ಆಮೇಲೆ ತಮ್ಮನ ಮುಖ ನೋಡಿದಳು. ಈ ಸಲ ವಾಲು ಹಾಕಿದ್ಯಾ ಎಂದು ಕೇಳಲಿಲ್ಲ. ಕೇಳುವ ಅಗತ್ಯವೇ ಇರಲಿಲ್ಲ. ಮುನೇಶನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಬಂದವರಿಗೆಂದು ಕಾವೇರಮ್ಮ ಮತ್ತೊಮ್ಮೆ ಕರ್ಪೂರ ಹಚ್ಚಿ ಆರತಿ ತಟ್ಟೆ ಹಿಡಿದು ಬಂದರು. ಹೆಂಗಸರು ಒಬ್ಬೊಬ್ಬರಾಗಿ ಉರಿಯ ಮೇಲೆ ಎರಡೂ ಅಂಗೈ ಹಿಡಿದು ಕಣ್ಣಿಗೊತ್ತಿಕೊಂಡರು. ಮಾರಕ್ಕನ ಸರದಿ ಬಂದಾಗ ಅವಳು ಎಡಗೈ ಒಂದನ್ನೇ ಮುಂದೆ ಮಾಡಿದಳು. ಬಲಗೈ ಸೆರಗಿನೊಳಗೆ ಇತ್ತು.

"ಬಲಗೈ ತೆಗಿಯೇ. ಆರತಿನ ಎಡಗೈಲಿ ತಗೋತಾರಾ?" ಎಂದರು ಕಾವೇರಮ್ಮ.

"ಬ್ಯಾಡ ಬುಡ್ರವ್ವ."

"ಯಾಕೆ?"

ಮಾರಕ್ಕ ಸೆರಗಿನಿಂದ ಕೈ ಹೊರತೆಗೆದಳು. ಅಂಗೈ ನುಣ್ಣಗೆ, ಗುಲಾಬಿ ಬಣ್ಣಕ್ಕೆ ತಿರುಗಿ, ಎರಡು ಬೆರಳು ಪೂರ್ತಿ ಬಿಚ್ಚದೆ ಮಡಚಿಕೊಂಡಿದ್ದವು. ತಟ್ಟೆಯ ಹತ್ತಿರ ತಂದಳು. ಉರಿ ಇನ್ನೂ ಗೇಣು ದೂರವಿರುವಾಗಲೇ ಕೈ ತಾನಾಗಿ ಹಿಂದಕ್ಕೆ ಹಾರಿತು.

"ಶಾಖ ತಡ್ಯಾಕಾಗಲ್ಲ ಕಣವ್ವ. ವಾಸಿ ಆಗೈತೆ. ಬಿಸಿ ಕಂಡ್ರೆ ಮಾತ್ರ ಅದೇ ಓಡೋಯ್ತದೆ" ಎಂದು ನಗಲು ನೋಡಿದಳು.

ಯಾರೂ ನಗಲಿಲ್ಲ. ಕಾವೇರಮ್ಮನೂ ಒಂದು ಕಾಲಕ್ಕೆ ಮನೆಯ ಜಗಲಿಯಲ್ಲಿ ಚರಕದ ಮುಂದೆ ಕೂತು, ಕುದಿಯುವ ನೀರಿಗೆ ಬೆರಳು ಅದ್ದಿ ನೂಲು ಬಿಚ್ಚಿದವರೇ. ಕಾರ್ಖಾನೆ ಆಮೇಲೆ ಬಂದದ್ದು. ಕೈ ಸುಟ್ಟಿತ್ತು, ವಾಸಿಯಾಯಿತು ಎಂದಷ್ಟೇ ಮಗ ಅವರಿಗೆ ಹೇಳಿದ್ದ. ಕರ್ಪೂರ ಆರುವ ತನಕ ಅವರು ಆ ಕೈಯನ್ನೇ ನೋಡುತ್ತ ನಿಂತರು. ಆಮೇಲೆ ಮುನೇಶನ ಕಡೆ ತಿರುಗಿದರು.

"ಬೆಳಗ್ಗೆ ಅಷ್ಟು ಹಾರಾಡ್ದೆಯಲ್ಲ, ಇದಕ್ಕೇನ್ಲಾ?"

"ಹೂಂ ಕಣವ್ವ."

"ಇದನ್ನ ಹೇಳಾಕೆ ನಿಂಗೇನಾಗಿತ್ತು ಬಾಯಿಗೆ? ಬರೀ ಕೂಗಾಡೋದೊಂದು ಗೊತ್ತು."

ಕಾವೇರಮ್ಮ ಸೊಸೆಯನ್ನು ಕರೆದು ಬೇಗ ಒಂದು ಬಟ್ಟಲು ಮೊಸರನ್ನ ತರಿಸಿದರು. ದೇವಿಯ ಮುಂದೆ ಕೂತು ನೈವೇದ್ಯ ಮಾಡಿದರು. ನಟರಾಜು ಹತ್ತಿರ ಬಂದು ಮೆಲ್ಲಗೆ, "ಅಮ್ಮ, ಕದಲಿಸೋದು ನಾಳೆ ಅಲ್ವಾ? ಐನೋರು ಏನಾದ್ರೂ ಅಂದಾರು" ಎಂದ.

"ಐನೋರ ಕೈ ಬೆಂದಿಲ್ಲ" ಎಂದರು ಕಾವೇರಮ್ಮ.

ಅಕ್ಷತೆ ಹಾಕಿ, ಮೊದಲು ಪೈಪ್ ರೆಂಚನ್ನು ಒಂದು ಬೆರಳಷ್ಟು ಉತ್ತರಕ್ಕೆ ಸರಿಸಿದರು. ಆಮೇಲೆ ಸ್ಪಾನರುಗಳನ್ನು. ಕೊನೆಗೆ ವಾಲ್ವನ್ನು ಹಾರದ ಸಮೇತ ಎರಡೂ ಕೈಯಲ್ಲಿ ಎತ್ತಿದರು. ಭಾರಕ್ಕೆ ಅವರು ಮುಂದಕ್ಕೆ ವಾಲಿದರು. ಮುನೇಶ ಓಡಿ ಹೋಗಿ ಹಿಡಿದುಕೊಂಡ.

"ತಗೊ. ಕುಂಕುಮ ಮಾತ್ರ ಒರಸ್ಬ್ಯಾಡ."

ಹಳೆಯ ವಾಲ್ವಿನ ಬೋಲ್ಟುಗಳು ತುಕ್ಕು ಹಿಡಿದು ಕೂತಿದ್ದವು. ಎರಡು ಬಿಚ್ಚಿದವು, ಮೂರನೆಯದರ ತಲೆ ಸವೆದು ಸ್ಪಾನರ್ ಜಾರಿ ಮುನೇಶನ ಗೆಣ್ಣು ಸುಲಿಯಿತು. ಬೋಲ್ಟಿನ ವಂಶಕ್ಕೆಲ್ಲ ಬಯ್ಯುತ್ತ ಸೀಮೆಎಣ್ಣೆ ಬಿಟ್ಟು, ಸುತ್ತಿಗೆಯಲ್ಲಿ ಬಡಿದು, ಮತ್ತೆ ಬಯ್ದು ಬಿಚ್ಚಿದ. ಹಬ್ಬದ ಬಟ್ಟೆಯಲ್ಲಿದ್ದ ಜಯಕುಮಾರ ಪೈಪು ಹಿಡಿದು ನಿಂತಿದ್ದ. ವಾಲ್ವು ಕೈಗೆ ಬಂದ ಮೇಲೆ ಮುನೇಶ ಅದನ್ನು ತೆರೆದು ಜಯಕುಮಾರನ ಮುಖದ ಮುಂದೆ ಹಿಡಿದ. ಬಿಳಿಯ ಸೀಟು ಒಂದು ಕಡೆ ಇಲಿ ಕಚ್ಚಿದ ಹಾಗೆ ಹರಿದುಹೋಗಿತ್ತು.

"ನೋಡ್ಲಾ. ನಿನ್ ಅರ್ಧ."

ಜಯಕುಮಾರ ನೋಡಿದ. ಈ ಸಲ ಹೂಂ ಕಣಣ್ಣ ಅನ್ನಲಿಲ್ಲ.

ಪೈಪಿನೊಳಗಿನ ತುಕ್ಕು ಹೊಸ ಗುಂಡಿಗೆ ಗೀರು ಹಾಕದಿರಲಿ ಎಂದು ಲೈನನ್ನು ನೀರಲ್ಲಿ ಚೆನ್ನಾಗಿ ತೊಳೆದ. ಸಂದಿಯಲ್ಲಿ ಸ್ಟೀಮು ಸೋರದಂತೆ ಹೊಸ ಪ್ಯಾಕಿಂಗ್ ಇಟ್ಟು ವಾಲ್ವನ್ನು ಕೂರಿಸಿದ. ಬೋಲ್ಟುಗಳನ್ನು ಒಂದೇ ಕಡೆಯಿಂದ ಬಿಗಿಯದೆ, ಎದುರುಬದುರು ಒಂದೊಂದಾಗಿ, ಒಂದೊಂದು ಸುತ್ತು ಬಿಗಿಯುತ್ತ ಹೋದ. ಬೋಲ್ಟು ಬಿಗಿಯುವಾಗ ಕುಂಕುಮ ಬೆರಳಿಗೆ ಅಂಟಿತು, ಸುಲಿದ ಗೆಣ್ಣಿಗೂ ತಾಗಿ ಉರಿಯಿತು. ಅದರ ಜೊತೆಗೆ ಜಾಮ್ ಆಗಿದ್ದ ಚಿಕ್ಕ ನಲ್ಲಿಗಳನ್ನೂ ಬಿಚ್ಚಿ ಎಣ್ಣೆ ಹಾಕಿದ. ಹೊತ್ತು ಮುಳುಗುವ ಮುಂಚೆ ಎಲ್ಲ ಮುಗಿಯಿತು. ಹೊಸ ಹಿಡಿಯನ್ನು ಉದ್ದಕ್ಕೆ, ಅಡ್ಡಕ್ಕೆ ತಿರುಗಿಸಿ ನೋಡಿದ. ಬೆಣ್ಣೆಯಲ್ಲಿ ಚಾಕು ಆಡಿದ ಹಾಗಿತ್ತು.

ವಿಜಯದಶಮಿಯ ಬೆಳಗ್ಗೆ ಬಾಯ್ಲರ್ ಹೊತ್ತಿತು. ಪೈಪಿನೊಳಗಿನ ನೀರಿಗೆ ಸ್ಟೀಮು ಬಡಿದು ಗುಡುಗದಿರಲಿ ಎಂದು ಮುನೇಶ ಹಿಡಿಯನ್ನು ಮೆಲ್ಲಮೆಲ್ಲಗೆ ಉದ್ದಕ್ಕೆ ತಂದು ಸ್ಟೀಮು ಬಿಟ್ಟ. ಬಿಸಿ ಏರಿದ ಮೇಲೆ ಬೋಲ್ಟುಗಳನ್ನು ಇನ್ನೊಂದು ಸುತ್ತು ಬಿಗಿದ. ಒಂದು ಹನಿ ಸೋರಲಿಲ್ಲ. ತಿಂಗಳುಗಳ ಮೇಲೆ ಮೊದಲ ಬಾರಿಗೆ ಅವನಿಗೆ ಒಂದು ಲೋಟ ಟೀ ನೆಮ್ಮದಿಯಿಂದ ಕುಡಿಯೋಣ ಅನ್ನಿಸಿತು. ಕುಡಿದು ವಾಪಸು ಬಂದು ನೋಡಿದರೆ ಹೊಸ ವಾಲ್ವಿನ ಹಿಡಿಗೆ ನಾಲ್ಕು ಬ್ಯಾಗು ನೇತಾಡುತ್ತಿದ್ದವು.

ಮೈಯೆಲ್ಲ ಹತ್ತಿಕೊಂಡು ಉರಿಯಿತು. "ಯಾರ್ರೀ ಅದು? ಯಾವಳು ಮೊದ್ಲು ಹಾಕಿದ್ದು?"

"ನಾನೇ ಕಣ್ಲಾ" ಎಂದಳು ಮಾರಕ್ಕ. "ಏನೀಗ?"

ಮುನೇಶ ಹಿಡಿಯತ್ತ ಕೈ ತೋರಿಸಿದ. "ಅಕ್ಕ, ನಿಂಗೂ ಬುದ್ಧಿ ಬ್ಯಾಡ್ವಾ? ಭಾರಕ್ಕೆ ಹಿಡಿ ಜಗ್ಗಿದ್ರೆ ನಿಲ್ಸಿದ್ ವಾಲು ತಾನಾಗೇ ಬಿಟ್ಕೋತದೆ. ಎಷ್ಟು ವರ್ಷದಿಂದ ಬಡ್ಕೋತಿದ್ದೀನಿ!"

"ಬಡ್ಕೊಂಡಿದ್ದೀಯ. ಬ್ಯಾಗ್ ಹಾಕಾಕೆ ಒಂದು ಮೊಳೆ ಹೊಡ್ದಿದ್ದೀಯಾ?"

ಹೆಂಗಸರೆಲ್ಲ ಗೊಳ್ಳೆಂದರು. ಪಕ್ಕದ ಬೇಸಿನ್ನಿನ ಮುಬಶ್ಶಿರಾ ನಗು ತಡೆಯಲಾರದೆ ಗೂಡಿನ ಬುಟ್ಟಿಗೆ ಒರಗಿದಳು. ಮುನೇಶನಿಗೆ ಅವಮಾನವಾಯಿತು, ಸಿಟ್ಟು ಬಂತು. ಎಲ್ಲಕ್ಕಿಂತ ಹೆಚ್ಚಾಗಿ, ಇಷ್ಟು ವರ್ಷ ಇದು ತನ್ನ ತಲೆಗೇಕೆ ಹೊಳೆಯಲಿಲ್ಲ ಎಂದು ತನ್ನ ಮೇಲೇ ಬೇಸರ ಬಂತು. ಧುಮುಗುಡುತ್ತ ಹೋಗಿ ಸುತ್ತಿಗೆ ತಂದ. ಅದರ ತಲೆಯ ಮೇಲೆ ಕುಂಕುಮ ಇನ್ನೂ ಇತ್ತು. ಗೋಡೆಯುದ್ದಕ್ಕೂ ಢಣಢಣ ಮೊಳೆ ಹೊಡೆದ, ಒಬ್ಬೊಬ್ಬರಿಗೂ ಒಂದೊಂದು. ಬ್ಯಾಗುಗಳನ್ನು ತಾನೇ ತೆಗೆದು ತಗುಲಿಹಾಕಿದ. ಯಾರೂ ಅವನ್ನು ಮತ್ತೆ ಹಿಡಿಗೆ ಹಾಕಲಿಲ್ಲ.

ಊಟದ ಹೊತ್ತು ಹತ್ತಿರ ಬಂತು. ಬೇಸಿನ್ನುಗಳ ನೀರು ಬಸಿದರು. ಮುನೇಶ ಹಿಡಿಯನ್ನು ಅಡ್ಡಕ್ಕೆ ತಿರುಗಿಸಿದ. ತಣ್ಣೀರು ಹೊಯ್ದು ಪೈಪು ಆರಿಸಿದರು. ಮಾರಕ್ಕ ತನ್ನ ಬೇಸಿನ್ ಮುಂದೆ ನಿಂತಳು. ತೂತುಪೈಪಿಗೆ ಎಳೆಗಳ ಸಿಕ್ಕು ಸುತ್ತಿಕೊಂಡಿತ್ತು.

"ನಿಲ್ಸಿದ್ಯೇನ್ಲಾ?"

"ನಿಲ್ಸೈತೆ ಕಣಕ್ಕ" ಎಂದ ಮುನೇಶ. ಕೈ ಹಾಕು ಎಂದು ಮಾತ್ರ ಹೇಳಲಿಲ್ಲ.

ಮಾರಕ್ಕ ಹಿಡಿಯನ್ನು ನೋಡಲಿಲ್ಲ, ಅವನ ಮುಖ ನೋಡಿದಳು. ಬಲಗೈ ಬೇಸಿನ್ನಿನ ಅಂಚಿನವರೆಗೆ ಹೋಯಿತು, ಅಲ್ಲಿಂದ ತಾನಾಗಿ ಹಿಂದಕ್ಕೆ ಬಂತು. ಇನ್ನೊಮ್ಮೆ ಹೋಯಿತು, ಇನ್ನೊಮ್ಮೆ ಹಿಂದಕ್ಕೆ ಬಂತು. ಅವಳ ಕಣ್ಣಲ್ಲಿ ನೀರು ತುಂಬಿದ್ದು ಅವಳಿಗೇ ಸಿಟ್ಟು ತರಿಸಿತು. ಸಾಲಿನ ಹೆಂಗಸರು ಕೆಲಸ ಬಿಟ್ಟು ನೋಡುತ್ತಿದ್ದರು.

ಮುನೇಶ ವಾಲ್ವಿನ ಹತ್ತಿರದಿಂದ ಬಂದ. ಅಂಗಿಯ ತೋಳು ಮಡಚಿಕೊಂಡು ಬೇಸಿನ್ನಿನೊಳಗೆ ಮೊಣಕೈವರೆಗೂ ಕೈ ಇಳಿಬಿಟ್ಟ. ಸಿಕ್ಕನ್ನು ಹಿಡಿದು ಎಳೆದ. ಏನೂ ಬರಲಿಲ್ಲ, ಒಂದು ಉಸಿರಿನಷ್ಟೂ ಬರಲಿಲ್ಲ. ಪೈಪಿನ ತೂತುಗಳಿಗೆ ಅಂಗೈಯನ್ನು ಒತ್ತಿ ಹಿಡಿದುಕೊಂಡು ಹಾಗೇ ನಿಂತ.

"ಅವತ್ತೇ ನಾನು ಮೊದ್ಲು ಹಾಕ್ಬೇಕಿತ್ತು ಕಣಕ್ಕ" ಎಂದ. ಸಿಟ್ಟಿಲ್ಲದ ಅವನ ದನಿಯನ್ನು ಅಲ್ಲಿ ಯಾರೂ ಕೇಳಿರಲಿಲ್ಲ.

ಮಾರಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬಲಗೈಯನ್ನು ನಿಧಾನವಾಗಿ ಒಳಗೆ ಇಳಿಸಿದಳು. ಮಡಚಿದ ಬೆರಳುಗಳು ತಮ್ಮನ ಕೈಯ ಪಕ್ಕದಲ್ಲಿ ತಣ್ಣನೆಯ ಪೈಪನ್ನು ಮುಟ್ಟಿದವು. ಈ ಸಲ ಅವು ಓಡಲಿಲ್ಲ.

"ಸರಿ ತೆಗಿ ಕೈಯ" ಎಂದಳು. "ಇದು ನನ್ ಬೇಸಿನ್ನು."